ಭಾವನ ಬಜೆಟ್ಟು

ನಮ್ಮ ದೊಡ್ಡಕ್ಕನ ಗಂಡ ಮದುವೆಮನೆಯಲ್ಲಿ ಮೊದಲ ಪಂಕ್ತಿಗೇ ಹೋಗಿ ಕೂರುತ್ತಾರೆ. ಹಸಿವಿಗಲ್ಲ. ಎಲೆ ಹಾಕುವ ಮುಂಚೆ ಟೇಬಲ್ಲಿನ ಪೇಪರ್ ಹಾಸನ್ನು ಎರಡು ಬೆರಳಲ್ಲಿ ಎತ್ತಿ, ಕೆಳಗಿರುವುದು ಪ್ಲೈವುಡ್ಡೋ ತಗಡೋ ನೋಡಿಕೊಳ್ಳಬೇಕು. ಆಮೇಲೆ ಜೇಬಿನಿಂದ ಟೇಪು ಹೊರಬರುತ್ತದೆ. "29 ಮುಕ್ಕಾಲು. ಊಟದ ಟೇಬಲ್ಲಿಗೆ 30 ಇಂಚು ಲೆಕ್ಕ ಕಣ್ರೀ, ಕಾಲಿಂಚು ಕದ್ದಿದಾನೆ" ಎಂದು ಪಕ್ಕದವರಿಗೆ ವರದಿ ಒಪ್ಪಿಸುತ್ತಾರೆ. ಪಕ್ಕದವರು ಸಾಮಾನ್ಯವಾಗಿ ಬೀಗರು.

ನಿಮ್ಮ ಬೀದಿಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ರಿಟೈರಾಗಿದೆ, ಮಗಳ ಮದುವೆ ಮುಗಿದಿದೆ, ಮನೆ ಸಾಲ ತೀರಿದೆ. ದುಡ್ಡಿಗೇನೂ ತೊಂದರೆಯಿಲ್ಲ, ಆದರೆ ಅಂಗಡಿಯವನು ಹೇಳಿದ ರೇಟಿಗೇ ಕೊಂಡುಬಿಟ್ಟರೆ ಆ ರಾತ್ರಿ ನಿದ್ದೆ ಬರುವುದಿಲ್ಲ.

ಹೋದ ವರ್ಷ ಭಾವನ ಕಣ್ಣು ತಮ್ಮ 30-40 ಸೈಟಿನ ಮನೆಯ ಊಟದ ಕೋಣೆಯ ಮೇಲೆ ಬಿತ್ತು. ಹತ್ತಡಿ ಒಂಬತ್ತಡಿ ಜಾಗ. ಅದರಲ್ಲೇ ಫ್ರಿಜ್ಜು, ಅದರಲ್ಲೇ ವಾಷ್ ಬೇಸಿನ್ನು. ಯಾರದೋ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಲೆಕ್ಕ ಬರೆದರು: ಟೇಬಲ್ಲು, ಆರು ಕುರ್ಚಿ, ಗೋಡೆಗೆ ಬಣ್ಣ, ಮೇಲಿಂದ ನೇತಾಡುವ ದೀಪ, ಎಲ್ಲ ಸೇರಿ 40,000. ಕೂಲಿಯ ಕಾಲಮ್ಮಿನಲ್ಲಿ ಸೊನ್ನೆ. ಆ ಸೊನ್ನೆ ನಾನು. ಭಾಮೈದನಿಗೆ ಯಾರಾದರೂ ಕೂಲಿ ಕೊಡುತ್ತಾರೆಯೇ?

ಮೊದಲು ಪ್ಲೈವುಡ್ಡಿನ ಅಧ್ಯಾಯ. 303 ಅಂದರೆ ಸಾಧಾರಣ, 710 ಅಂದರೆ ನೀರಿಗೆ ಜಗ್ಗದ್ದು, 72 ಗಂಟೆ ಕುದಿಸಿದರೂ ಪದರ ಬಿಡಬಾರದು ಎಂದು ಯಾರೋ ಹೇಳಿದ್ದರು. ಭಾವ ಅಂಗಡಿಯಿಂದ ಅಂಗೈಯಗಲದ ಸ್ಯಾಂಪಲ್ ತಂದು ಅಕ್ಕನ ಹಾಲಿನ ಪಾತ್ರೆಯಲ್ಲಿ ನೀರಿಟ್ಟು ಕುದಿಯಲು ಬಿಟ್ಟರು. ಆರನೆಯ ಗಂಟೆಗೆ ಸಿಲಿಂಡರ್ ಖಾಲಿಯಾಯಿತು. ಪ್ಲೈವುಡ್ಡು ಪದರ ಬಿಟ್ಟಿರಲಿಲ್ಲ, ಪಾತ್ರೆ ಮಾತ್ರ ಇವತ್ತಿಗೂ ಅಂಟಿನ ವಾಸನೆ ಬಿಟ್ಟಿಲ್ಲ. "ಪಾಸಾಯ್ತು, ಆದರೆ ರೇಟು ಜಾಸ್ತಿ" ಎಂದು ಭಾವ ಪ್ಲೈವುಡ್ಡಿನ ಸಹವಾಸವನ್ನೇ ಕೈಬಿಟ್ಟರು.

ಆಮೇಲೆ ಸಿಕ್ಕಿದ್ದು ಬಾಗಿಲು. ಚಾಮರಾಜಪೇಟೆಯಲ್ಲಿ ಒಂದು ಹಳೇ ಮನೆ ಕೆಡವುತ್ತಿದ್ದರು. ಆರೂವರೆ ಅಡಿ ಉದ್ದ, ಮೂರೂಕಾಲು ಅಡಿ ಅಗಲ, ಮೇಲೆ ಹಸಿರು ಪೇಂಟಿನ ನಾಲ್ಕೈದು ತಲೆಮಾರು. "ಬಡಾವಣೆ ಆಗಿದ್ದೇ 1892ರಲ್ಲಿ ಕಣಯ್ಯಾ. ಅಪ್ಪಟ ತೇಗ. ಕಾಲು ಹೊಡೆದರೆ ಟೇಬಲ್ಲು!" ಬಾಗಿಲು 4,500. ಟೆಂಪೋ 1,500. ಇಳಿಸುವಾಗ ಹೋದ ನನ್ನ ಸೊಂಟಕ್ಕೆ ಲೆಕ್ಕವಿಲ್ಲ.

ಬಡಗಿ ಗೋರಖಪುರದ ಹುಡುಗ. ನಮ್ಮ ಕನ್ನಡವನ್ನು ಆರೇ ತಿಂಗಳಲ್ಲಿ ಕಲಿತಿದ್ದ. ಆದರೂ ಭಾವ ಅವನ ಹತ್ತಿರ "ಕಮ್ಮಿ ಕರೋ" ಎಂದು ಹಿಂದಿಯಲ್ಲೇ ಚೌಕಾಸಿ ಮಾಡುವರು. ಅವನು ಬಾಗಿಲನ್ನು ಒಮ್ಮೆ ತಟ್ಟಿ, "ಅಂಕಲ್, ಹೊಸಾ ಟೇಬಲ್ಲೇ ಕಮ್ಮಿಗೆ ಬರ್ತದೆ" ಎಂದ. ಇಡೀ ಕಥೆಯಲ್ಲಿ ಯಾರಾದರೂ ಬುದ್ಧಿಯ ಮಾತು ಆಡಿದ್ದರೆ ಅದೊಂದೇ.

ಪೇಂಟ್ ಕೆರೆಯಲು ಮೂರು ದಿನ ಹಿಡಿಯಿತು. ಎರಡನೆಯ ದಿನ ಸಂಜೆ, ಹೂಬಳ್ಳಿಯೆಂದುಕೊಂಡಿದ್ದ ಉಬ್ಬಿನೊಳಗಿಂದ ಆನೆಯ ಸೊಂಡಿಲು ಕಂಡಿತು. ಆಮೇಲೆ ಇನ್ನೊಂದು ಸೊಂಡಿಲು. ನಡುವೆ ಪದ್ಮಾಸನ ಹಾಕಿ ಕೂತ ಸಾಕ್ಷಾತ್ ಗಜಲಕ್ಷ್ಮಿ. "ನೋಡಿದೆಯಾ, ಉಳಿಸಿದವರ ಮನೆಗೆ ಲಕ್ಷ್ಮಿ ತಾನಾಗಿ ಬರ್ತಾಳೆ!" ಎಂದು ಭಾವ ಹಿಗ್ಗಿದರು. ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ನೋಡಿದಳು. "ರೀ, ಇವಳ ಮುಖದ ಮೇಲೆ ನಾನು ಹುಳಿ ಪಾತ್ರೆ ಇಡ್ಲಾ? ಎಂಜಲು ತಟ್ಟೆ ಇಡ್ಲಾ?"

ಎರಡು ದಿನ ಮನೆಯಲ್ಲಿ ಮಾತಿಲ್ಲ. ಕೊನೆಗೆ ರಾಜಿಯಾಯಿತು: ಮೇಲೆ ದಪ್ಪ ಗಾಜು ಹಾಕಿಸುವುದು, ದೇವಿಗೆ ಮುಸುರೆ ಸೋಕುವುದಿಲ್ಲ. ಬೀಗದ ಕೈ ತೂತಿಗೂ ಅದೇ ಪರಿಹಾರ. ಗಾಜು ಬರುವ ಮುಂಚೆ ನಡೆದ ಪ್ರಾಯೋಗಿಕ ಭೋಜನದಲ್ಲಿ ತಿಳಿಸಾರು ಆ ತೂತಿನಿಂದ ನೇರ ನನ್ನ ಪಂಚೆಗೆ ಇಳಿದಿತ್ತು.

ಗಾಜು ಬಂತು. ಕೂತು ನೋಡಿದರೆ ತಟ್ಟೆ ಅಕ್ಕನ ಗದ್ದದ ಹತ್ತಿರ. ಭಾವ 30 ಇಂಚಿಗೆ ಸರಿಯಾಗಿಯೇ ಕಾಲು ಮಾಡಿಸಿದ್ದರು; ಅದರ ಮೇಲೆ ಬಾಗಿಲು ಎರಡು ಇಂಚು, ಗಾಜು ಅರ್ಧ ಇಂಚು ಕೂರುತ್ತದೆ ಎಂಬುದು ಹೊಳೆದಿರಲಿಲ್ಲ. ಬೀಗರ ಟೇಬಲ್ಲಿನಲ್ಲಿ ಕಾಲಿಂಚಿನ ಕಳ್ಳತನ ಹಿಡಿದವರು! ಕುರ್ಚಿಗಳಿಗೆ ದಿಂಬು ಬಂದವು. ಕುರ್ಚಿಗಳು ಮುಚ್ಚಿಹೋದ ಯಾವುದೋ ಹೋಟೆಲಿನವು. ಬೆನ್ನ ಮೇಲೆ ನಂಬರಿದೆ. ನನ್ನದು 14. ಟೇಬಲ್ಲಿನ ಉದ್ದಕ್ಕೆ ಫ್ರಿಜ್ಜಿನ ಬಾಗಿಲು ಪೂರ್ತಿ ತೆರೆಯುವುದಿಲ್ಲ, ತರಕಾರಿ ಟ್ರೇ ಹೊರಬರುವುದಿಲ್ಲ. ಅಕ್ಕ ಬದನೆಕಾಯನ್ನು ಹಸುವಿನ ಹೊಟ್ಟೆಯಿಂದ ಕರು ಎಳೆದಂತೆ ಕೈಹಾಕಿ ತೆಗೆಯುತ್ತಾಳೆ.

ಎಲ್ಲಕ್ಕಿಂತ ನೋಡಬೇಕಾದದ್ದು ಇರುವೆ. ಗಾಜಿನ ಅಂಚಿನಿಂದ ನುಸುಳಿದ ಒಂದು ಹನಿ ಪಾಯಸ ಬಲಗಡೆ ಆನೆಯ ಕಾಲಬುಡಕ್ಕೆ ತಲುಪಿದೆ. ನಾವು ಮೇಲೆ ಉಣ್ಣುತ್ತಿದ್ದರೆ ಕೆಳಗೆ ಸಣ್ಣ ಕೆಂಪಿರುವೆಗಳು ಸಾಲಾಗಿ ಪ್ರದಕ್ಷಿಣೆ ಬರುತ್ತವೆ. ಒರೆಸಲು ಗಾಜೆತ್ತಬೇಕು, ಗಾಜೆತ್ತಲು ನಾಲ್ಕು ಜನ ಬೇಕು.

ಶುಕ್ರವಾರ ಆ ಟೇಬಲ್ಲಿನಲ್ಲಿ ಊಟವಿಲ್ಲ ಎಂದಳು ಅಕ್ಕ. ಮಂಗಳವಾರವೂ ಸೇರಿಕೊಂಡಿತು. ಶ್ರಾವಣದಲ್ಲಿ ವರಮಹಾಲಕ್ಷ್ಮಿಗೆ ಕಳಸ ಅಲ್ಲೇ ಕೂತಿತು. ನೇತಾಡುವ ದೀಪ ದೇವಿಯ ನೆತ್ತಿಗೆ ಸರಿಯಾಗಿ ಬಿತ್ತು. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರೆಲ್ಲ ಬೆರಗಾಗಿ, ಎಷ್ಟಾಯಿತು ಎಂದು ಕೇಳಿದರು. ಭಾವ ಗಂಟಲು ಸರಿಮಾಡಿಕೊಂಡು "4,500" ಎಂದರು. ನಾನು ಸುಮ್ಮನಿದ್ದೆ. ಅಂದು ಕದಲಿಸಿದ ಕಳಸದ ಜಾಗದಲ್ಲಿ ಈಗ ನಂದಾದೀಪವಿದೆ. ಮನೆಯವರು ಹಾಲಿನಲ್ಲಿ ಚಾಪೆ ಹಾಸಿಕೊಂಡು ಉಣ್ಣುತ್ತಾರೆ.

ಮೊನ್ನೆ ಬೆಳಿಗ್ಗೆ ಆರಕ್ಕೆ ಫೋನು. "ಏನಯ್ಯಾ, ಆ ಟೆಂಪೋದವನ ನಂಬರ್ ಇದೆಯಾ? ಊಟಕ್ಕೊಂದು ಟೇಬಲ್ ಬೇಕಲ್ಲ. ಅದೇ ಬೀದಿಯಲ್ಲಿ ಒಂದು ಕಿಟಕಿ ನೋಡಿದೀನಿ. ಸರಳು ತೆಗೆಸಿದರೆ ಮುಗೀತು."