ನಾಗಪುರದಿಂದೀಚೆ ಭಾವನ ಜೊತೆ

ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ 44ನೇ ರಾಷ್ಟ್ರೀಯ ಹೆದ್ದಾರಿ ದೇಶದಲ್ಲೇ ಅತಿ ಉದ್ದದ್ದು. ಅದಕ್ಕಿಂತ ಉದ್ದ ನಮ್ಮ ಭಾವನ ಮಾತು. ನಾಗಪುರ ದಾಟಿದ ಮೇಲೆ ಅದೂ ಬತ್ತಿತು. ಕಾಶ್ಮೀರದಲ್ಲಿ ಒಂದೊಂದು ದೇವದಾರು ಮರಕ್ಕೂ ‘ಆಹಾ’ ಎಂದವರು ಆದಿಲಾಬಾದಿನ ತೇಗದ ಕಾಡಿಗೆ ಕಣ್ಣೇ ಬಿಡಲಿಲ್ಲ. ಹೈದರಾಬಾದಿನ ಹೊತ್ತಿಗೆ ಜಗಳಕ್ಕೂ ಹೊಸ ವಿಷಯವಿಲ್ಲದೆ, ಎ.ಸಿ. ಹಾಕುವುದೋ ಗಾಜು ಇಳಿಸುವುದೋ ಎಂಬ ಹಳೇ ಜಗಳವನ್ನೇ ಬಿಸಿ ಮಾಡಿಕೊಂಡೆವು. ಕರ್ನೂಲಿನಲ್ಲಿ ತುಂಗಭದ್ರೆ ಕಂಡದ್ದೇ ತಡ, ‘ನಮ್ಮೂರ ನೀರು ಕಣೋ!’ ಎಂದು ಭಾವ ಎದ್ದು ಕೂತರು. (ಪರಾಠಾ ತಿಂದು ಸೋತ ನನಗೆ ನೀರೆಂದರೆ ನೆನಪಾದದ್ದು ತಿಳಿಸಾರು.) ಬಾಗೇಪಲ್ಲಿ ಬಳಿ ಮೊದಲ ಕನ್ನಡ ಬೋರ್ಡನ್ನು ಇಬ್ಬರೂ ಗಟ್ಟಿಯಾಗಿ ಓದಿದೆವು: ಪಂಕ್ಚರ್ ಅಂಗಡಿಯದು.

ಮುಂದಿನ ಸಲ ಗುಜರಾತಂತೆ. ಭಾವನನ್ನು ಕರೆದೊಯ್ಯುವ ಧೈರ್ಯವಂತರಿದ್ದರೆ ದಯವಿಟ್ಟು ತಿಳಿಸಿ. ಡೀಸೆಲ್ ಖರ್ಚು ನನ್ನದು.