ಹುಲಿ ದೂರ, ಬುಟ್ಟಿ ಹತ್ತಿರ

ಧಾರವಾಡದ ಸಪ್ತಾಪುರದಲ್ಲಿ ಬಾಸ್ಕೆಟ್‌ಬಾಲ್ ಗೊತ್ತಿಲ್ಲದ ಹುಡುಗ ಸಿಗುವುದು ಕಷ್ಟ. ರಿಂಗ್ ನೆಲದಿಂದ 3.05 ಮೀಟರ್ ಎತ್ತರ, ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ, ಒಂದು ತಂಡಕ್ಕೆ ಐದು ಜನ, ಕಂಡುಹಿಡಿದವರು ಜೇಮ್ಸ್ ನೈಸ್ಮಿತ್, ಇಸವಿ 1891. ಸಪ್ತಾಪುರ ಬಾವಿಯ ಕಡೆ ಪುಸ್ತಕ ಹಿಡಿದು ಹೊರಟ ಯಾರನ್ನು ನಿಲ್ಲಿಸಿ ಕೇಳಿದರೂ ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಊರೂರಿಂದ ಬಂದು ಕೋಣೆ ಹಿಡಿದ ಮಕ್ಕಳು; ಸಾಮಾನ್ಯ ಜ್ಞಾನ ಅವರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಇಷ್ಟೆಲ್ಲ ಬಲ್ಲ ಒಬ್ಬನಿಗೆ, "ಚೆಂಡು ಆ ರಿಂಗಿನೊಳಗ ಬೀಳೂದನ್ನ ಎಂದಾರ ನೋಡೀಯೇನೋ ತಮ್ಮಾ?" ಅಂದೆ. "ಅದು ಸಿಲೆಬಸ್‌ನಾಗ ಇಲ್ರೀ ಸರ್" ಅಂದ.

ನಮ್ಮ ಓಣಿಯಿಂದ ಕೂಗಳತೆಯಲ್ಲಿ ಒಂದು ಕಾಲೇಜಿದೆ. ಅದರ ಬಾಸ್ಕೆಟ್‌ಬಾಲ್ ಅಂಕಣದ ಮೇಲೆ ಮಳೆಗಾಲದಲ್ಲಿ ಪಾಚಿ ಬೆಳೆಯುತ್ತದೆ, ಶ್ರಾವಣ ಕಳೆದ ಮೇಲೆ ಅಂತರ್ ಕಾಲೇಜು ಪಂದ್ಯಗಳು ಬೆಳೆಯುತ್ತವೆ. ಪ್ರೇಕ್ಷಕರು ಮಾತ್ರ ಯಾವ ಋತುವಿನಲ್ಲೂ ಬೆಳೆಯುವುದಿಲ್ಲ. ಪಂದ್ಯದ ದಿನ ಅಲ್ಲಿ ಕಾಣುವವರೆಂದರೆ ಬದಲಿ ಆಟಗಾರರು, ಅವರ ಬ್ಯಾಗು ಕಾಯಲೆಂದೇ ಬಂದ ಒಬ್ಬ ಗೆಳೆಯ, ಮುಂದಿನ ಪಂದ್ಯಕ್ಕೆ ಕಾರವಾರದಿಂದ ರಾತ್ರಿ ಬಸ್ಸು ಹಿಡಿದು ಬಂದು ಬೇವಿನ ನೆರಳಿನಲ್ಲಿ ಬ್ಯಾಗಿಗೆ ತಲೆಯಾನಿಸಿ ಮಲಗಿದ ತಂಡ, ಹಾಸ್ಟೆಲಿನ ಗ್ಯಾಲರಿಯಲ್ಲಿ ಲುಂಗಿ ಹಿಂಡುತ್ತ ನಡುನಡುವೆ ಕೆಳಗೆ ಕಣ್ಣು ಹಾಯಿಸುವ ಒಬ್ಬ. ಚಹಾದವನೂ ಬರುತ್ತಾನೆ, ಆದರೆ ಅವನು ಆಟಕ್ಕೆ ಬೆನ್ನು ಕೊಟ್ಟೇ ನಿಲ್ಲುವುದರಿಂದ ಪ್ರೇಕ್ಷಕರ ಲೆಕ್ಕಕ್ಕೆ ಹಿಡಿಯಲಾಗದು.

ಒಂದು ವರ್ಷ ಆ ಕಾಲೇಜಿನವರು ಉಪಾಯ ಹೂಡಿದರು: ಪಂದ್ಯ ನೋಡಲು ಬಂದವರಿಗೆ ಆ ಅವಧಿಯ ಹಾಜರಿ. ಶೇಕಡಾ 75ರ ಗಡಿಯಲ್ಲಿ ತೂಗಾಡುತ್ತಿದ್ದವರೆಲ್ಲ ಓಡಿ ಬಂದರು. ಮೆಟ್ಟಿಲುಗಳು ತುಂಬಿ ಗೋಡೆಯ ಮೇಲೂ ಜನ. ರೋಲ್ ನಂಬರ್ ಬರೆದುಕೊಳ್ಳುವ ಹಾಳೆ ಒಂದು ಸುತ್ತು ತಿರುಗಿತು. ಮೊದಲ ಕ್ವಾರ್ಟರ್‌ನ ಹತ್ತು ನಿಮಿಷ ಮುಗಿಯುವ ಹೊತ್ತಿಗೆ ಗೋಡೆಯೂ ಖಾಲಿ, ಮೆಟ್ಟಿಲೂ ಖಾಲಿ. ಉಳಿದವನು ಒಬ್ಬ, ಹಾಳೆ ತನ್ನ ಹತ್ತಿರ ಬಂದೇ ಇಲ್ಲವೆಂದು ತಕರಾರು ಹೂಡಿ ಕೂತಿದ್ದ.

ನಮ್ಮ ಪಕ್ಕದ ಮನೆಯವರು ನಿವೃತ್ತ ಫಿಜಿಕಲ್ ಡೈರೆಕ್ಟರ್, ಅಂದರೆ ಪಿಡಿ. ಇದಕ್ಕೆಲ್ಲ ಕಾರಣ ಅವರ ಬಳಿ ಸಿದ್ಧವಿದೆ. "ನೋಡ್ರೀ, ಮೊಬೈಲ್‌ನಾಗಿನ ಕ್ರಿಕೆಟ್ ನಮ್ಮ ಗ್ರೌಂಡ್ ಖಾಲಿ ಮಾಡೇತಿ. ಹುಬ್ಬಳ್ಳಿ ಟೈಗರ್ಸ್ ಅಂದ್ರ ಸಾಕು, ಹುಡುಗೂರು ಕೂತಲ್ಲಿಂದ ಏಳೂದಿಲ್ಲ." ಅವರ ಮಾತನ್ನು ತೆಗೆದುಹಾಕುವಂತಿಲ್ಲ. ಬಾಸ್ಕೆಟ್‌ಬಾಲಿನ ವೃತ್ತಿಪರ ಲೀಗುಗಳು ನಮ್ಮ ದೇಶದಲ್ಲಿ ಬಂದವು, ಹೋದವು, ಸಪ್ತಾಪುರದ ತನಕ ಸದ್ದು ಮುಟ್ಟಲಿಲ್ಲ. ಹೀಗಾಗಿ ನಮ್ಮ ಕಾಲೇಜು ಅಂಕಣಕ್ಕೆ ಎದುರಾಳಿ ಎಂದರೆ ಹಣ ಕೊಟ್ಟು ಕಟ್ಟಿದ ಕ್ರಿಕೆಟ್ ತಂಡವೇ.

ಆದರೆ ಈ ಹುಬ್ಬಳ್ಳಿಯ ಹುಲಿಗಳು ಎಲ್ಲಿವೆ? ಕರ್ನಾಟಕ ಪ್ರೀಮಿಯರ್ ಲೀಗಿನ (ಕೆಪಿಎಲ್) ಕಾಲದಲ್ಲಿ ಅವು ಹುಬ್ಬಳ್ಳಿಯ ರಾಜನಗರದ ಮೈದಾನಕ್ಕೆ ಬಂದು ಆಡಿದ್ದುಂಟು. 2019ರ ಫಿಕ್ಸಿಂಗ್ ಗದ್ದಲದಲ್ಲಿ ಕೆಪಿಎಲ್ ಬಾಗಿಲು ಹಾಕಿತು. 2022ರಲ್ಲಿ ಮಹಾರಾಜ ಟ್ರೋಫಿ ಎಂಬ ಹೊಸ ಹೆಸರಿನಿಂದ ಆಟ ಮರಳಿತು, ಆದರೆ ಪಂದ್ಯಗಳು ಮೈಸೂರು, ಬೆಂಗಳೂರುಗಳಲ್ಲೇ ನಿಂತವು. 2023ರಲ್ಲಿ ಹುಬ್ಬಳ್ಳಿ ಟೈಗರ್ಸ್ ಮೈಸೂರು ವಾರಿಯರ್ಸ್ ತಂಡವನ್ನು 8 ರನ್ನಿನಿಂದ ಸೋಲಿಸಿ ಟ್ರೋಫಿ ಎತ್ತಿದ್ದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ಎತ್ತಿದ ನಾಯಕ ಮನೀಶ್ ಪಾಂಡೆ ಹುಟ್ಟಿದ್ದು ನೈನಿತಾಲದಲ್ಲಿ. ಒಳ್ಳೆಯ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಲೆಕ್ಕ ಹಾಕಿ ನೋಡಿದರೆ ದಾಂಡೇಲಿ ಕಾಡಿನ ನಿಜವಾದ ಹುಲಿಗಳೇ ಹುಬ್ಬಳ್ಳಿಗೆ ಇವಕ್ಕಿಂತ ಹತ್ತಿರ. ಹುಬ್ಬಳ್ಳಿ-ಧಾರವಾಡದ ನಡುವೆ ದಿನವೂ ತಪ್ಪದೆ ಓಡಾಡುವ ಪ್ರಾಣಿ ಎಂದರೆ ಚಿಗರಿ ಬಸ್ಸು ಒಂದೇ.

ಹುಲಿ ದೂರವಿದ್ದರೇನು, ಮೊಬೈಲು ಕೈಯಲ್ಲೇ ಇದೆಯಲ್ಲ. ನಾನು ಒಮ್ಮೊಮ್ಮೆ ಊಟಕ್ಕೆ ಹೋಗುವ ಖಾನಾವಳಿಯಲ್ಲಿ ಈ ಹತ್ತಿರದ ನಂಟನ್ನು ಕಂಡಿದ್ದೇನೆ. 2024ರ ಆಗಸ್ಟ್‌ನಲ್ಲಿ ಹುಬ್ಬಳ್ಳಿ ಟೈಗರ್ಸ್ ಮತ್ತು ಬೆಂಗಳೂರು ಬ್ಲಾಸ್ಟರ್ಸ್ ಇಬ್ಬರೂ 164 ರನ್ ಹೊಡೆದು ಪಂದ್ಯ ಟೈ ಆಯಿತು. ಸೂಪರ್ ಓವರ್ ಆಡಿಸಿದರು, ಅದೂ ಟೈ. ಇನ್ನೊಂದು, ಅದೂ ಟೈ. ಮೂರನೆಯದರಲ್ಲಿ ನಮ್ಮವರು ಗೆದ್ದರು. ಅದರ ತುಣುಕನ್ನು ಒಬ್ಬ ಹುಡುಗ ನೀರಿನ ತಂಬಿಗೆಗೆ ಮೊಬೈಲು ಆನಿಸಿಟ್ಟು ನೋಡುತ್ತಿದ್ದ. ಎಡಗೈಯಲ್ಲಿ ಮುರಿದ ಜೋಳದ ರೊಟ್ಟಿ, ಬಲಗೈ ಝುಣಕದ ಮೇಲೆ ನಿಂತೇ ಬಿಟ್ಟಿದೆ. ಆಚೀಚೆಯ ತಾಟಿನವರೂ ಕತ್ತು ಚಾಚಿದ್ದರು. ಖಾನಾವಳಿಯ ಅಕ್ಕ ಬಂದು, "ಅವರು ಗೆದ್ದ ಮ್ಯಾಲೂ ಹಿಂಗ ಕೂಡ್ತಿ ಏನ? ಆರಾಕತ್ತೇತಿ, ಮೊದಲ ಉಣ್ಣೋ ತಮ್ಮಾ" ಎಂದು ಎರಡನೇ ರೊಟ್ಟಿ ಹಾಕಿ ಹೋದಳು. ಹುಡುಗ ಕಲಘಟಗಿ ಕಡೆಯವನು. ತಂಡದ ಒಬ್ಬ ಆಟಗಾರನನ್ನೂ ಎದುರು ಕಂಡವನಲ್ಲ. ಆದರೂ "ನಮ್ಮ ಟೀಮ್ ರೀ" ಅಂದ.

ಕಾಲೇಜು ಆಟವೋ ವೃತ್ತಿಪರ ತಂಡವೋ ಎಂಬ ಈ ತಕರಾರು ಅಮೆರಿಕದಲ್ಲಿ ನಮ್ಮದಕ್ಕಿಂತ ಹಳೆಯದು. ಊರಿಗೆ ಎನ್‌ಬಿಎ ಎಂಬ ವೃತ್ತಿಪರ ಲೀಗಿನ ತಂಡ ಬಂದರೆ ಕಾಲೇಜು ಬಾಸ್ಕೆಟ್‌ಬಾಲ್ ನೋಡುವವರು ಯಾರು ಎಂಬ ಚಿಂತೆ ಅಲ್ಲಿನ ಕಾಲೇಜುಗಳಿಗೆ ಇದ್ದೇ ಇದೆ. ಎನ್‌ಬಿಎ ತಂಡವಿಲ್ಲದ ಕೆಂಟಕಿಯ ಲೆಕ್ಸಿಂಗ್ಟನ್ನಿನಲ್ಲಿ ವಿಶ್ವವಿದ್ಯಾಲಯದ ತಂಡ ಆಡುವುದು 20,000 ಜನ ಹಿಡಿಯುವ ರಪ್ ಅರೀನಾದಲ್ಲಿ. ಅಲ್ಲಿಗೆ ಪಿಡಿ ಸಾಹೇಬರ ವಾದ ಗೆದ್ದಂತೆಯೇ. ಆದರೆ ಸಪ್ತಾಪುರದಲ್ಲಿ ನಮಗೊಂದು ಮಿಚಿಗನ್ ಕಂಪೌಂಡ್ ಇರುವಾಗ ಮಿಚಿಗನ್ನನ್ನು ಬಿಟ್ಟು ಮಾತು ಮುಗಿಸಲಾದೀತೆ? ಆ ರಾಜ್ಯದ ಆನ್ ಆರ್ಬರ್‌ನಲ್ಲಿ ವಿಶ್ವವಿದ್ಯಾಲಯ. ಕಾರಿನಲ್ಲಿ ಹೋದರೆ ಒಂದು ತಾಸಿನೊಳಗೆ ಸಿಗುವಷ್ಟು ಹತ್ತಿರ ಡೆಟ್ರಾಯಿಟ್ ಪಿಸ್ಟನ್ಸ್ ಎಂಬ ವೃತ್ತಿಪರ ತಂಡ. 1989ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯ ರಾಷ್ಟ್ರೀಯ ಚಾಂಪಿಯನ್ ಆಯಿತು, ಜೂನ್‌ನಲ್ಲಿ ಪಿಸ್ಟನ್ಸ್ ಎನ್‌ಬಿಎ ಗೆದ್ದಿತು. ಒಂದೇ ಸೀಮೆಯ ಜನ ಮೂರು ತಿಂಗಳೊಳಗೆ ಎರಡು ಸಲ ಕುಣಿದರು. ಒಂದರ ಸಡಗರ ಇನ್ನೊಂದನ್ನು ತಿಂದುಹಾಕಲಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. 2023ರ ಅಕ್ಟೋಬರ್‌ನಲ್ಲಿ ಅಯೋವಾ ವಿಶ್ವವಿದ್ಯಾಲಯದವರು ತಮ್ಮ ಫುಟ್‌ಬಾಲ್ ಮೈದಾನದ ನಡುವೆ ಅಂಕಣ ಹಾಸಿ ಮಹಿಳೆಯರ ಪಂದ್ಯ ಆಡಿಸಿದರು. ಲೆಕ್ಕಕ್ಕೂ ಹಿಡಿಯದ ಪ್ರದರ್ಶನ ಪಂದ್ಯ. ಬಂದವರು 55,646 ಮಂದಿ. ಬಂದದ್ದು ಕೇಟ್ಲಿನ್ ಕ್ಲಾರ್ಕ್ ಎಂಬ ವಿದ್ಯಾರ್ಥಿನಿಯ ಆಟ ನೋಡಲು. ಆ ರಾಜ್ಯದಲ್ಲೇ ಹುಟ್ಟಿ ಬೆಳೆದು ಅಲ್ಲೇ ಓದಿದ ಹುಡುಗಿ. ಮರುವರ್ಷ ಅವಳು ಇಂಡಿಯಾನಾ ಫೀವರ್ ಎಂಬ ವೃತ್ತಿಪರ ತಂಡ ಸೇರಿದಳು, ಜನ ಅಲ್ಲಿಗೂ ಹೋದರು. ಕಾಲೇಜೋ ವೃತ್ತಿಪರವೋ ಎಂಬ ಜಗಳವೇ ಅವರಿಗೆ ಇರಲಿಲ್ಲ. ಅವರು ಅವಳ ಬೆನ್ನು ಹಿಡಿದಿದ್ದರು, ಅಷ್ಟೆ.

(ನಡುವೆ ನೈಸ್ಮಿತ್ ಮಾಸ್ತರರಿಗೂ ಒಂದು ಮಾತು ಸಲ್ಲಬೇಕು. ಆಟ ಕಂಡುಹಿಡಿದ ಮೊದಲಿಗೆ ಅವರು ಗ್ಯಾಲರಿಯ ಕಟಕಟೆಗೆ ಹೊಡೆದದ್ದು ಪೀಚ್ ಹಣ್ಣಿನ ಬುಟ್ಟಿ. ತಳ ತೆಗೆದಿರಲಿಲ್ಲವಾದ್ದರಿಂದ ಚೆಂಡು ಬಿದ್ದಾಗಲೆಲ್ಲ ಮೇಲೆ ಹತ್ತಿ ತೆಗೆಯಬೇಕಿತ್ತು. ಮುಂದೆ ಕನ್ಸಾಸ್ ವಿಶ್ವವಿದ್ಯಾಲಯದ ಮೊದಲ ತರಬೇತುದಾರರಾದರು. ಆ ತಂಡದ ತರಬೇತುದಾರರ ಪೈಕಿ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚಾದವರು ಅವರೊಬ್ಬರೇ: 55 ಗೆಲುವು, 60 ಸೋಲು. ಸಪ್ತಾಪುರದ ಯಾವ ಪ್ರಶ್ನೆಪತ್ರಿಕೆಯಲ್ಲೂ ಇದನ್ನು ಕೇಳುವುದಿಲ್ಲ.)

ಆ ಖಾನಾವಳಿಯ ಅಕ್ಕನ ಮಗಳು ಬಿ.ಕಾಂ. ಓದುತ್ತಾಳೆ, ಕಾಲೇಜು ತಂಡದಲ್ಲಿದ್ದಾಳೆ ಎಂಬುದು ಅಲ್ಲಿ ವರ್ಷಗಟ್ಟಲೆ ಉಂಡವರಿಗೂ ಗೊತ್ತಿರಲಿಲ್ಲ. ಒಂದು ದಿನ ಬಾಗಿಲಲ್ಲಿ ಸುಣ್ಣದ ಕಡ್ಡಿಯಿಂದ ಬರೆದಿತ್ತು: "ನಾಳೆ ಮಧ್ಯಾಹ್ನ ಊಟ ತಡ. ಮಗಳ ಮ್ಯಾಚ್ ಐತಿ." ಊಟ ತಡವಾದರೆ ಹುಡುಗರು ಎಲ್ಲಿ ಹೋಗಬೇಕು? ಎಲ್ಲರೂ ಆ ಕಾಲೇಜಿನ ಮೆಟ್ಟಿಲಿಗೇ ಬಂದರು. ಕೊರಳಲ್ಲಿ ಕೋಚಿಂಗ್ ಐಡಿ, ಕೈಯಲ್ಲಿ ನೋಟ್ಸು. ಅಕ್ಕ ಮೊಣಕೈ ತನಕ ಹಿಟ್ಟು ಮೆತ್ತಿದ ಕೈಯಲ್ಲೇ ಸೆರಗು ಸಿಕ್ಕಿಸಿ ಮುಂದಿನ ಸಾಲಿನಲ್ಲಿ ಕೂತಳು. ಸಾಮಾನ್ಯ ಜ್ಞಾನವೆಲ್ಲ ಅಂದು ಕೆಲಸಕ್ಕೆ ಬಂತು. "ಐದು ಫೌಲಾತು, ಹೊರಗ ಕಳಿಸ್ರೀ!" ಅಂತ ಒಬ್ಬ. "24 ಸೆಕೆಂಡ್ ಮುಗೀತ್ರೀ ಸರ್, ರೂಲ್ ಐತಿ!" ಅಂತ ಇನ್ನೊಬ್ಬ, ಆ ಅಂಕಣದಲ್ಲಿ ಶಾಟ್ ಕ್ಲಾಕೇ ಇಲ್ಲ, ಅವನು ತನ್ನ ಕೈಗಡಿಯಾರ ನೋಡಿ ಹೇಳುತ್ತಿದ್ದ. ರೆಫರಿ ಮೊದಲು ಸಿಟ್ಟಾದರು, ಆಮೇಲೆ ಮೆಟ್ಟಿಲ ಕಡೆ ನೋಡಿ ಶಿಳ್ಳೆಯನ್ನು ಸ್ವಲ್ಪ ಜೋರಾಗಿಯೇ ಊದತೊಡಗಿದರು. ಜನ ನೋಡುತ್ತಿದ್ದಾರೆ ಎಂದರೆ ಶಿಳ್ಳೆಗೂ ಹುರುಪು ಬರುತ್ತದೆ. "ಚೆಂಡು ಒಳಗ ಹಾಕಿದಾಕಿ ನನ್ನ ಮಗಳು, ಮತ್ತ ಚೆಂಡು ಅವರಿಗ್ಯಾಕ ಕೊಟ್ರು?" ಎಂದು ಅಕ್ಕ ಕೇಳಿದಳು. ಉತ್ತರ ಹೇಳಲು ಹತ್ತು ಜನ ಮುಂದೆ ಬಂದರು.

ಮಗಳ ತಂಡ ಸೋತಿತು. ಒಬ್ಬರೂ ನಡುವೆ ಎದ್ದು ಹೋಗಿರಲಿಲ್ಲ. ಊಟ ಮೂರು ಗಂಟೆಗೆ ಆಯಿತು, ಯಾರೂ ತಕರಾರು ಮಾಡಲಿಲ್ಲ. ತಂಬಿಗೆಗೆ ಮೊಬೈಲು ಆನಿಸಿದವರೂ ಕಾಣಲಿಲ್ಲ. ಎಲ್ಲರೂ ರೆಫರಿಯನ್ನು ಬಯ್ಯುವುದರಲ್ಲಿದ್ದರು.

ಆದ್ದರಿಂದ ಪಿಡಿ ಸಾಹೇಬರ ತೀರ್ಪಿಗೆ ನನ್ನ ಒಪ್ಪಿಗೆ ಅರ್ಧ ಮಾತ್ರ. ಹುಲಿಗಳ ಮೇಲೆ ತಪ್ಪು ಹೊರಿಸುವ ಮೊದಲು ನಮ್ಮ ಕಾಲೇಜುಗಳ ನೋಟಿಸ್ ಬೋರ್ಡು ನೋಡಬೇಕು. ಪಂದ್ಯದ ಸುದ್ದಿ ಬೆರಳಚ್ಚಿನ ಒಂದು ಇಂಗ್ಲಿಷ್ ಹಾಳೆಯಲ್ಲಿ, ಗಾಜಿನ ಹಿಂದೆ, ಶುಲ್ಕ ಕಟ್ಟುವ ಕೊನೆಯ ದಿನಾಂಕದ ಕೆಳಗೆ ಇರುತ್ತದೆ. ಆಡುವವರ ಹೆಸರಿಲ್ಲ, ಊರಿಲ್ಲ. ಆಟ ಇಡುವುದು ಬೆಳಗಿನ ಹನ್ನೊಂದಕ್ಕೆ, ಎಲ್ಲರೂ ತರಗತಿಯಲ್ಲೋ ಕೋಚಿಂಗಿನಲ್ಲೋ ಇರುವ ಹೊತ್ತಿಗೆ. ಸಂಜೆಗೆ ಇಡೋಣವೆಂದರೆ ದೀಪವಿಲ್ಲ. ಹುಬ್ಬಳ್ಳಿ ಟೈಗರ್ಸ್‌ನವರು ನೈನಿತಾಲದವನನ್ನು ಕಲಘಟಗಿಯ ಹುಡುಗನಿಗೆ ಪರಿಚಯ ಮಾಡಿಸಬಲ್ಲರು. ನಾವು ಪಕ್ಕದ ಓಣಿಯ ಹುಡುಗಿಯನ್ನು ಪಕ್ಕದ ಓಣಿಗೇ ಪರಿಚಯ ಮಾಡಿಸಿಲ್ಲ.

ಕಾಲೇಜಿನವರಿಗೆ ನನ್ನ ವಿನಂತಿ ಇಷ್ಟೇ: ಹಾಳೆಯನ್ನು ಕನ್ನಡದಲ್ಲಿ, ಆಡುವವರ ಹೆಸರು ಮತ್ತು ಊರು ಸಹಿತ ಬರೆದು ಸಪ್ತಾಪುರದ ಖಾನಾವಳಿಗಳ ಬಾಗಿಲಿಗೆ ಅಂಟಿಸಿರಿ, ಎರಡು ದೀಪ ಹಾಕಿಸಿರಿ. ಓದುಗರಿಗೆ: ಮಳೆ ನಿಂತ ಮೇಲೆ ಪಂದ್ಯಗಳು ಶುರುವಾಗುತ್ತವೆ. ಟಿಕೆಟ್ ಇಲ್ಲ, ಗೇಟಿನಲ್ಲಿ ಯಾರೂ ತಡೆಯುವುದಿಲ್ಲ. ಬರ್ರಿ.