ಹೊಸಮನೆಯ ಮಾರ್ಗಮೀಮಾಂಸಕರು

ಪ್ರಯಾಣ ಮಾಡುವವರು ಲೋಕದಲ್ಲಿ ಅಸಂಖ್ಯರು. ಪ್ರಯಾಣವನ್ನು ಕುರಿತು ಆಲೋಚಿಸುವವರು ವಿರಳರು. ಆಲೋಚನೆಯ ಆನಂದದಲ್ಲಿಯೇ ಪರಿತೃಪ್ತರಾಗಿ, ಪ್ರಯಾಣವೆಂಬ ಸ್ಥೂಲವ್ಯಾಪಾರವನ್ನು ಪರರಿಗೆ ಬಿಟ್ಟುಕೊಟ್ಟ ಮಹನೀಯರು ಊರಿಗೊಬ್ಬರು ದೊರೆತರೆ ಅದು ಆ ಊರಿನ ಪುಣ್ಯ. ಭದ್ರಾವತಿಯ ಹೊಸಮನೆಗೆ ಆ ಪುಣ್ಯ ಲಭಿಸಿದೆ. ತಂದೆತಾಯಿಗಳಿಟ್ಟ ಹೆಸರು ಪಿಂಚಣಿಯ ಕಾಗದದಲ್ಲಿ ಮಾತ್ರ ಉಳಿದು, ಜನರ ಬಾಯಲ್ಲಿ ಟೈಮ್‌ಟೇಬಲ್ ರಾಯರೆಂದೇ ಪ್ರಖ್ಯಾತರಾದ ಇವರು, 1923ರಲ್ಲಿ ಉತ್ಪಾದನೆ ಆರಂಭಿಸಿದ ನಮ್ಮ ಕಬ್ಬಿಣದ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಕುಳಿತು, ಅನ್ಯರು ಬಂದ ವೇಳೆಯನ್ನೂ ಹೋದ ವೇಳೆಯನ್ನೂ ಬರೆದಿಡುವುದರಲ್ಲಿಯೇ ಆಯುಷ್ಯದ ಬಹುಭಾಗವನ್ನು ಸವೆಸಿದವರು. ನಿವೃತ್ತಿಯಾದ ಮೇಲೆ ಕಾರ್ಖಾನೆ ತಪ್ಪಿತೇ ಹೊರತು ಅಭ್ಯಾಸ ತಪ್ಪಲಿಲ್ಲ.

ಅವರ ಶಾಸ್ತ್ರಾಭ್ಯಾಸಕ್ಕೆ ಬೇಕಾದ ಸಾಮಗ್ರಿ ಅತ್ಯಲ್ಪ. ಮನೆಗೆ ಬಂದ ಲಗ್ನಪತ್ರಿಕೆಯ ಲಕೋಟೆಯನ್ನು ಉಗುರಿನಿಂದ ಅಂಟು ಬಿಡಿಸಿ, ಹರಿಯದಂತೆ ಅಗಲಿಸಿ, ಒಂದು ರಾತ್ರಿ ಹಳೆಯ ರೈಲ್ವೆ ಗೈಡಿನ ಕೆಳಗಿಟ್ಟು ಸಪಾಟು ಮಾಡುತ್ತಾರೆ. ಅದರ ಒಳಮೈಯ ಬಿಳುಪಿನ ಮೇಲೆ ಕೆಂಪು ಪೆನ್ಸಿಲಿನಿಂದ ಗೆರೆಯೆಳೆದು ದೂರ, ದರ, ಹೊರಡುವ ವೇಳೆ, ಕಾಯುವ ವೇಳೆ ಎಂದು ಕಲಮುಗಳನ್ನು ಮಾಡಿ, ಕಟ್ಟಕಡೆಯಲ್ಲಿ ‘ಕಾಫಿ’ ಎಂಬ ಒಂದು ಕಲಮನ್ನು ತಪ್ಪದೆ ಇಡುತ್ತಾರೆ. ಆ ಕಲಮು ತುಂಬದ ಹೊರತು ಯಾವ ಮಾರ್ಗಕ್ಕೂ ಅವರಲ್ಲಿ ಮಾನ್ಯತೆಯಿಲ್ಲ.

ಎದುರುಮನೆಯ ಮೇಷ್ಟರು ಒಂದು ಶನಿವಾರ ಸಂಜೆ, ಮರುದಿನ ಸಂಸಾರಸಮೇತ ಹೊರಡಬೇಕಾಗಿದ್ದುದರಿಂದ, ಜಗಲಿಯ ಕೆಳಗೆ ನಿಂತೇ ಕೇಳಿದರು:

“ಮುರುಡೇಶ್ವರಕ್ಕೆ ಹೇಗೆ ಹೋದರೆ ಒಳ್ಳೇದು ರಾಯರೆ?”

“ಯಾವ ದೃಷ್ಟಿಯಿಂದ ಕೇಳ್ತಿದೀರಿ ಮೇಷ್ಟ್ರೆ?”

ಮೇಷ್ಟರು ಜಗಲಿಯ ಮೇಲೆ ಕೂರಲೇಬೇಕಾಯಿತು. ವಿಷಯ, ಸಂಶಯ, ಪೂರ್ವಪಕ್ಷ ಎಂಬ ಕ್ರಮವನ್ನು ಕಿಂಚಿತ್ತೂ ಮೀರದೆ ರಾಯರು ಆರಂಭಿಸಿದರು. ತೀರ್ಥಹಳ್ಳಿಯ ಮೇಲೆ ಆಗುಂಬೆಯ ಘಾಟಿಯಿಳಿಯುವುದು ರಮ್ಯವೇನೋ ಹೌದು. ಆದರೆ ಹದಿನಾಲ್ಕು ತಿರುವುಗಳನ್ನು ಸುತ್ತಿ ಉಡುಪಿ ಸೇರಿದವನು ಮತ್ತೆ ಉತ್ತರಾಭಿಮುಖವಾಗಿ ನೂರು ಕಿಲೋಮೀಟರಿನಷ್ಟು ಹೋಗಬೇಕಾಗುತ್ತದೆ. ಮಳೆಗಾಲವಾದರೆ ಭಾರಿ ವಾಹನಗಳನ್ನು ಅಲ್ಲಿ ಬಿಡುವುದೂ ಇಲ್ಲ. ಹುಲಿಕಲ್ ಘಾಟಿಯಿಂದ ಕುಂದಾಪುರಕ್ಕೆ ಇಳಿಯಬಹುದು. ಆದರೆ ಮಾಸ್ತಿಕಟ್ಟೆ ದಾಟಿದ ಮೇಲೆ ಕಾಫಿಯ ಕಲಮು ಶಂಕಾಸ್ಪದ. ಸಾಗರದಿಂದ ಸಿಗಂದೂರು, ಕೊಲ್ಲೂರು, ಬೈಂದೂರು ಎಂಬ ಮಾರ್ಗವೊಂದಿದೆ. ಈ ಮಾರ್ಗದ ಹೆಸರು ಬಂದಾಗ ಮಾತ್ರ ರಾಯರ ಧ್ವನಿ ತುಸು ಕುಗ್ಗುತ್ತದೆ. ಏಕೆಂದರೆ ಶರಾವತಿಯ ಹಿನ್ನೀರನ್ನು ಬಸ್ಸಿನ ಸಮೇತ ದಾಟಿಸುತ್ತಿದ್ದ ಲಾಂಚು ಇದ್ದಷ್ಟು ದಿನವೂ, ಲಾಂಚು ಈ ದಡದಲ್ಲಿದೆಯೋ ಆ ದಡದಲ್ಲಿದೆಯೋ ಎಂಬ ಅನಿಶ್ಚಯವು ಅವರ ವಾದಕ್ಕೆ ಅಪಾರವಾದ ಅವಕಾಶವನ್ನು ಒದಗಿಸುತ್ತಿತ್ತು. 2025ರ ಜುಲೈ 14ರಂದು ಎರಡು ಕಿಲೋಮೀಟರಿಗೂ ಮಿಕ್ಕ ಸೇತುವೆಯ ಉದ್ಘಾಟನೆಯಾಗಿ, ತುಮರಿಯ ಕಡೆಯ ಜನರು ದಶಕಗಳ ಕಷ್ಟ ನೀಗಿತೆಂದು ನಿಟ್ಟುಸಿರು ಬಿಟ್ಟ ದಿನ, ರಾಯರೂ ಒಂದು ನಿಟ್ಟುಸಿರನ್ನು ಬಿಟ್ಟರು. ಅದರ ಕಾರಣ ಬೇರೆ.

ರೈಲಿನ ಪ್ರಕರಣವಂತೂ ಪ್ರತ್ಯೇಕ ಅಧ್ಯಾಯ. ಭದ್ರಾವತಿಯಲ್ಲಿ ಹತ್ತಿದವನನ್ನು ರೈಲು ತಾಳಗುಪ್ಪದವರೆಗೆ ಸುಖವಾಗಿ ಒಯ್ದು, ಸಮುದ್ರದ ಗಾಳಿ ಬೀಸುವುದಕ್ಕೆ ಮುಂಚೆಯೇ, ಇನ್ನು ಮುಂದೆ ಹಳಿಯಿಲ್ಲ ಇಳಿ ಎನ್ನುತ್ತದೆ. ಕೊನೆಯವರೆಗೂ ರೈಲಿನಲ್ಲಿಯೇ ಹೋಗುವೆನೆಂಬ ವ್ರತವುಳ್ಳವನು, ಪಶ್ಚಿಮದ ಕಡಲಿಗೆ ಹೊರಟವನಾದರೂ, ಮೊದಲು ಪೂರ್ವದ ಬೀರೂರು ಅರಸೀಕೆರೆಗಳಿಗೆ ಹೋಗಿ, ಹಾಸನಕ್ಕೆ ತಿರುಗಿ, ಸಕಲೇಶಪುರದಿಂದಾಚೆ ಐವತ್ತೇಳು ಸುರಂಗಗಳನ್ನು ಹೊಕ್ಕು ಹೊರಬಂದು, ಮಂಗಳೂರಿನ ಬಳಿ ಕೊಂಕಣ ರೈಲನ್ನು ಹಿಡಿದು ಮುರುಡೇಶ್ವರದ ನಿಲ್ದಾಣದಲ್ಲಿ ಇಳಿಯಬೇಕು. 2023ರ ಫೆಬ್ರವರಿಯಲ್ಲಿ ಸೋಗಾನೆಯ ವಿಮಾನನಿಲ್ದಾಣ ಉದ್ಘಾಟನೆಯಾದಂದಿನಿಂದ ಲಕೋಟೆಯಲ್ಲಿ ಇನ್ನೊಂದು ಸಾಲು ಸೇರಿದೆ: ಬೆಂಗಳೂರಿಗೆ ಹಾರಿ, ಅಲ್ಲಿಂದ ಮಂಗಳೂರಿಗೆ ಹಾರಿ, ಉಳಿದುದನ್ನು ರೈಲಿನಲ್ಲಿ ಪೂರೈಸುವುದು. ದರದ ಕಲಮಿನಲ್ಲಿ ಬರೆದ ಅಂಕಿಯನ್ನು ಕಂಡು ಮೇಷ್ಟರು ಕನ್ನಡಕ ಒರೆಸಿಕೊಂಡರು.

“ಜೋಗದ ಮೇಲೆ ಗೇರುಸೊಪ್ಪೆ ಇಳಿದು ಹೊನ್ನಾವರಕ್ಕೆ ಹೋದರೆ ಆಗೋದಿಲ್ವೆ?” ಎಂದು ಅವರು ಮೆಲ್ಲನೆ ಕೇಳಿದಾಗ, ರಾಯರು ಅವರನ್ನು ಕನಿಕರದಿಂದ ನೋಡಿ, “ಎಲ್ಲರೂ ಹಾಗೇ ಹೋಗ್ತಾರೆ” ಎಂದಷ್ಟೇ ನುಡಿದರು. ಮೇಷ್ಟರೂ ಮರುದಿನ ಹಾಗೆಯೇ ಹೋಗಿ, ಶಿವಪೂಜೆ ಸಲ್ಲಿಸಿ, ಸಮುದ್ರಸ್ನಾನ ಮುಗಿಸಿ ಹಿಂತಿರುಗಿದರು. ರಾಯರು ದರ್ಶನದ ಸಮಾಚಾರವನ್ನು ಕೇಳಲಿಲ್ಲ. ಹೊನ್ನಾವರದಲ್ಲಿ ಎಷ್ಟು ಹೊತ್ತು ಕಾದಿರೆಂದು ಕೇಳಿ, ಅರ್ಧ ಗಂಟೆಯೆಂಬ ಉತ್ತರವನ್ನು ಲಕೋಟೆಯಲ್ಲಿ ಬರೆದುಕೊಂಡರು.

ಇವರ ಪಾಂಡಿತ್ಯಕ್ಕೆ ಸಹ್ಯಾದ್ರಿಯೇ ಗಡಿಯೆಂದು ಹೊಸಮನೆಯ ಜನ ನಂಬಿದ್ದರು. ಜರ್ಮನಿಯಲ್ಲಿರುವ ಮಗಳು, ತಾನೂ ಗಂಡನೂ ರಜೆಗೆ ಇಟಲಿಯ ಅಮಾಲ್ಫಿ ಎಂಬ ಕಡಲೂರಿಗೆ ಹೋಗುವುದಾಗಿ ಫೋನಿನಲ್ಲಿ ಬಾಯ್ತಪ್ಪಿ ಹೇಳಿದಂದು ಆ ನಂಬಿಕೆ ಕಳಚಿತು. ಒಂದು ವಾರದ ಮೇಲೆ ರಾಯರೇ ಅವಳಿಗೆ ಫೋನು ಮಾಡಿದರು. ಅಮಾಲ್ಫಿಗೆ ರೈಲಿಲ್ಲ, ನೇಪಲ್ಸ್‌ನಿಂದ ರೈಲಿನಲ್ಲಿ ಸಲೆರ್ನೊಗೆ ಹೋಗಿ ಅಲ್ಲಿಂದ ಬಸ್ಸನ್ನೋ ದೋಣಿಯನ್ನೋ ಹಿಡಿಯಬೇಕು, ಅಥವಾ ವೆಸೂವಿಯಸ್ ಅಗ್ನಿಪರ್ವತದ ಬುಡದಲ್ಲಿ ಹಾದುಹೋಗುವ ಸಣ್ಣ ರೈಲಿನಲ್ಲಿ ಸೊರೆಂಟೊಗೆ ಹೋಗಿ, ಬಂಡೆಗಳ ಅಂಚಿನ ರಸ್ತೆಯಲ್ಲಿ ಬಸ್ಸು ಏರಬೇಕು.

“ಅಂದರೆ ಸಲೆರ್ನೊ ಅವರ ತಾಳಗುಪ್ಪ ಕಣೇ ಪುಟ್ಟಿ! ಲಾಂಚೂ ಇದೆ, ಆದರೆ ಚಳಿಗಾಲದಲ್ಲಿ ನೆಚ್ಚಬೇಡ.”

“ಅಪ್ಪ, ನಾವು ಕಾರು ಬಾಡಿಗೆಗೆ ತಗೊಂಡಾಯ್ತು.”

“ಅದರ ನಂಬರಿನ ಕೊನೇ ಅಂಕೆ ಸಮವೋ, ಬೆಸವೋ?”

ಮಗಳು ನಿರುತ್ತರಳಾದಳು. ರಜೆಯ ದಟ್ಟಣೆಯ ದಿನಗಳಲ್ಲಿ ಆ ತೀರದ ರಸ್ತೆಯ ಮೇಲೆ ಪರಸ್ಥಳದ ಕಾರುಗಳನ್ನು ಸಮ ಬೆಸ ಅಂಕೆಗಳ ಸರದಿಯಲ್ಲಿ ಬಿಡುವ ನಿಯಮವುಂಟೆಂಬುದನ್ನು, ಅಲ್ಲಿಗೆ ಹೊರಟ ಅಳಿಯನೂ ಅರಿತಿರಲಿಲ್ಲ. ಆಗುಂಬೆಯಾಚೆ ಕಾಲಿಡದ ಮಾವ ಅರಿತಿದ್ದರು. ಆ ದಂಪತಿಗಳು ಕಾರನ್ನು ಬಿಟ್ಟು ಸಲೆರ್ನೊದಿಂದ ದೋಣಿಯಲ್ಲಿ ಹೋದರಂತೆ. ದಾರಿ ಬಹಳ ಚೆನ್ನಾಗಿತ್ತಂತೆ.

ಆದಕಾರಣ ಇವರನ್ನು ನಿರುಪಯುಕ್ತರೆಂದು ಹಳಿಯುವುದು ನನಗೆ ಸಮ್ಮತವಲ್ಲ. ಬಸ್ ನಿಲ್ದಾಣದ ವಿಚಾರಣೆಯ ಕಿಂಡಿಯಲ್ಲಿ ಒಂದು ಮಾತಿಗೆ ಅರ್ಧ ಮಾತು ದೊರೆಯುವ ಈ ಕಾಲದಲ್ಲಿ, ಒಂದು ಮಾತಿಗೆ ಸಾವಿರ ಮಾತನ್ನು, ಮೇಲೊಂದು ಲೋಟ ಕಾಫಿಯನ್ನು ಧರ್ಮಾರ್ಥವಾಗಿ ಕೊಡುವವರು ಎಲ್ಲಿ ಸಿಕ್ಕಾರು? ಹೊಸಮನೆಯಿಂದ ಕಡಲತೀರಕ್ಕೆ ಹೊರಡುವ ವಾಚಕರು ರಾಯರನ್ನು ಅವಶ್ಯವಾಗಿ ಕಾಣಬೇಕು. ಆದರೆ ಟಿಕೆಟನ್ನು ಮೊದಲು ತೆಗೆದುಕೊಂಡು ಆಮೇಲೆ ಕಾಣುವುದು ಕ್ಷೇಮ.